ಕಳ್ಳನ ಕುಪ್ಪಿ

ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕನು ಕನ್ನ ಕೊರೆಯಲು ಹೊರಟಾಗ, ಕಾವಲುಗಾರರ ಕಣ್ಣಿಗೆ ಬೀಳದಂತೆ ಯೋಗರೋಚನೆಯೆಂಬ ಲೇಪವನ್ನು ಬಳಿದುಕೊಳ್ಳುತ್ತಾನೆ. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನಾಟದಲ್ಲಿ ಕಳ್ಳನ ಪಾತ್ರ ವಹಿಸಿದಾಗಲೆಲ್ಲ ನನಗೆ ಅವನದೇ ನೆನಪು. ಇಲ್ಲಿಯೂ ಕಳ್ಳನ ಬಲವು ತೋಳಿನಲ್ಲಿಲ್ಲ, ರಸವಾದಿಯಿಂದ ಕೊಂಡ ಕುಪ್ಪಿಯಲ್ಲಿದೆ.

2003ರ ಪರಿಷ್ಕೃತ ಆವೃತ್ತಿಯಂತೆ 10 ಹೊನ್ನಿನ ಆಮ್ಲದ ಕುಪ್ಪಿಯನ್ನು ಎಸೆದಾಗ ಶತ್ರುವಿನ ಕವಚವು ಲೆಕ್ಕಕ್ಕೆ ಬಾರದು, ಸೋಕಿದರೆ ಸಾಕು. ಅವನು ಎಚ್ಚರಗೊಳ್ಳುವ ಮುನ್ನ, 30 ಅಡಿಯೊಳಗಿನಿಂದ ಎಸೆದರೆ ಗುಪ್ತಪ್ರಹಾರದ ಫಲವೂ ಕೂಡುತ್ತದೆ. ಹೊಗೆಕಡ್ಡಿಯಾದರೋ ಪಲಾಯನಕ್ಕೇ ಮೀಸಲು. ಹೊಗೆಯಲ್ಲಿ ಮಸುಕಾದವನ ಮೇಲೆ ಗುಪ್ತಪ್ರಹಾರ ನಡೆಯದು.

‘ಆಪತ್ತಿಗಿರಲಿ’ ಎಂದು ಕುಪ್ಪಿಗಳನ್ನು ಕೂಡಿಡುವ ಗೆಳೆಯರಿದ್ದಾರೆ. ಅವರ ಕಳ್ಳ ಸತ್ತಾಗ ಜೋಳಿಗೆ ತುಂಬಿಯೇ ಇರುತ್ತದೆ! ದುರ್ಬಲನ ಆಯುಧಕ್ಕೆ ಮೊದಲ ಗಳಿಗೆಯೇ ಸುಮುಹೂರ್ತ.