ನೋಯದ ಪಾದ

ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಹಿರಿಯರಿಂದ ಬಂದ ಸಂಪ್ರದಾಯ. ಬಾಲ್ಯದಲ್ಲಿ ಮಠದಲ್ಲಿ ಓದುತ್ತಿದ್ದಾಗ ಹಿರಿಯರ ಪಾದಕ್ಕೆ ನೀರೆರೆಯುವ ಸೇವೆ ನನ್ನ ಪಾಲಿಗೆ ಬಂದಿತ್ತು. ಅದನ್ನು ಭಕ್ತಿಯ ಕಾರ್ಯವೆಂದೇ ತಿಳಿದು ಮಾಡಿದೆ. ಅದರಲ್ಲಿ ಆರೋಗ್ಯದ ಪಾಠವೊಂದು ಅಡಗಿದೆಯೆಂಬುದು ಅರವತ್ತು ದಾಟಿದ ಮೇಲೆ, ಒಂದು ಕಾಲ್ಬೆರಳನ್ನು ಕಳೆದುಕೊಂಡ ಮೇಲೆ ತಿಳಿಯಿತು.

ನನಗೆ ಮಧುಮೇಹ ಬಂದು ಹದಿನಾಲ್ಕು ವರ್ಷಗಳಾದವು. ಆರಂಭದಲ್ಲಿ ಅಂಗಾಲು ಉರಿಯುತ್ತಿತ್ತು. ಸುಶ್ರುತಸಂಹಿತೆಯು ಪ್ರಮೇಹದ ಪೂರ್ವರೂಪಗಳಲ್ಲಿ ಅಂಗೈ ಅಂಗಾಲುಗಳ ಉರಿಯನ್ನೂ ಎಣಿಸಿದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಓದಿದ್ದೆ. ಓದಿದ್ದು ಗ್ರಂಥದಲ್ಲಿಯೇ ಉಳಿಯಿತು. ಕೆಲವು ವರ್ಷಗಳ ತರುವಾಯ ಉರಿ ತಾನಾಗಿ ನಿಂತಿತು. ರೋಗ ಇಳಿಯಿತೆಂದು ಸಂತೋಷಪಟ್ಟೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೂ ಸುಡುತ್ತಿರಲಿಲ್ಲ. ಇದು ಮಠದ ಬಾಳು ಕಲಿಸಿದ ಸಹನೆಯ ಫಲವೆಂದು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು. ನಿಜವಾಗಿ ಕಾಲಿನ ನರಗಳು ಅರಿವನ್ನು ಕಳೆದುಕೊಂಡಿದ್ದವು. ಒಂದು ಚಳಿಗಾಲದ ರಾತ್ರಿ ದಣಿವಾರಲೆಂದು ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತೆ. ಬೆಳಗಾಗುವಾಗ ನೀರುಗುಳ್ಳೆಗಳೆದ್ದಿದ್ದವು. ನೋವಿಲ್ಲವಲ್ಲ ಎಂದು ಎಂಟು ದಿನ ಅರಿಸಿನ ಹಚ್ಚಿಕೊಂಡು ಸುಮ್ಮನಿದ್ದೆ. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದೆ. ವೈದ್ಯರು ಅದನ್ನು ತೆಗೆಯಲೇಬೇಕಾಯಿತು. ತಪ್ಪು ಅವರದಲ್ಲ, ನನ್ನದು.

ಆ ಮರುವರ್ಷ ಭತ್ತದ ಕೊಯ್ಲಿನ ಕಾಲದಲ್ಲಿ ಹುಟ್ಟೂರಾದ ಈಸೂರಿಗೆ ಹೋಗಿದ್ದೆ. ಅಣ್ಣನಿಗೆ ಎಪ್ಪತ್ತೆರಡು ವರ್ಷ. ಅವನಿಗೂ ಸಕ್ಕರೆ ಕಾಯಿಲೆ. ಸಿಹಿ ಬಿಟ್ಟಿದ್ದ, ತಪ್ಪದೆ ಗುಳಿಗೆ ನುಂಗುತ್ತಿದ್ದ. ಆದರೆ ಗದ್ದೆಯ ಬದುವಿನ ಮೇಲೂ ಅಂಗಳದಲ್ಲೂ ಬರಿಗಾಲು. ಚಪ್ಪಲಿಯ ಮಾತೆತ್ತಿದರೆ ನಕ್ಕುಬಿಟ್ಟ.

"ನಲವತ್ತೆರಡರಲ್ಲಿ ಅಪ್ಪ ಬರಿಗಾಲಲ್ಲೇ ಕಾಡು ಸೇರಿದ್ದನಲ್ಲೋ ತಮ್ಮಾ. ಆಗ ಯಾರ ಕಾಲು ಕೊಳೆಯಿತು?"

ಈಸೂರಿನವರ ಬಾಯಲ್ಲಿ ಈ ಮಾತು ಬರುವುದು ಸಹಜ. 1942ರ ಸೆಪ್ಟೆಂಬರಿನಲ್ಲಿ ವೀರಭದ್ರ ದೇವಾಲಯದ ಮೇಲೆ ಧ್ವಜವೇರಿಸಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಊರಿದು. ಬಳಿಕ ಸರ್ಕಾರದ ಪಡೆ ಬಂದಾಗ ಜನ ಕಾಡು ಸೇರಿದರು. 1943ರ ಮಾರ್ಚಿಯಲ್ಲಿ ಊರಿನ ಐವರು ಗಲ್ಲಿಗೇರಿದರು. ಅಂಥ ಮನೆತನಗಳಲ್ಲಿ ಹುಟ್ಟಿದವರಿಗೆ ಮುಳ್ಳಿನ ಭಯ ಹೇಳುವುದು ಹೇಗೆ?

"ಅಣ್ಣಾ, ಅಪ್ಪನ ಕಾಲಿಗೆ ಮುಳ್ಳು ಚುಚ್ಚಿದರೆ ಅಪ್ಪನಿಗೆ ತಿಳಿಯುತ್ತಿತ್ತು. ನಿನಗೆ ತಿಳಿಯುತ್ತದೆಯೆ?" ಎಂದೆ. ಅವನು ಉತ್ತರಿಸಲಿಲ್ಲ.

ಸಂಜೆ ಗದ್ದೆಯಿಂದ ಬಂದಾಗ ತಂಬಿಗೆಯಲ್ಲಿ ನೀರು ತಂದು ಅವನ ಕಾಲನ್ನು ನಾನೇ ತೊಳೆದೆ. ಹಿರಿಯಣ್ಣನ ಪಾದ ತೊಳೆಯಲು ತಮ್ಮನಿಗೆ ಯಾರ ಅಪ್ಪಣೆ ಬೇಕು? ಮಣ್ಣು ಕಳೆದಂತೆ ಬಲಗಾಲಿನ ಕಿರುಬೆರಳ ಸಂದಿನಲ್ಲಿ ಬೆಳ್ಳಗೆ ನೆನೆದು ಬಿರಿದ ಚರ್ಮ ಕಂಡಿತು. ಅಂಗಾಲಿನಲ್ಲಿ ಮುರಿದ ಜಾಲಿಮುಳ್ಳು; ಸುತ್ತ ಕೀವು. ಒತ್ತಿದೆ. ಅಣ್ಣ ಮುಖ ಸಿಂಡರಿಸಲಿಲ್ಲ. "ಯಾವಾಗ ಚುಚ್ಚಿತು?" ಎಂದರೆ "ನನಗೇನು ಗೊತ್ತು" ಎಂದ. ಹಾಗೆಂದವನೇ ತನ್ನ ಕಾಲನ್ನು ಬೇರೆಯವರ ಕಾಲೆಂಬಂತೆ ನೋಡುತ್ತ ಕುಳಿತ.

ಮರುದಿನ ಶಿಕಾರಿಪುರದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದೆವು. ಗಾಯ ಶುಚಿಮಾಡಿ ಔಷಧ ಕೊಟ್ಟರು. ಆ ಕಾಲನ್ನು ಊರಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕಾಲು ಉಳಿಯಿತು.

ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಜಡವಾಗುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಹೀಗಾಗಿ ಗಾಯವಾದದ್ದು ತಿಳಿಯುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳಲ್ಲಿ ಇದನ್ನೇ ಕಂಡರು: ಅವರ ಬೆರಳು ಸವೆಯುವುದಕ್ಕೆ ನೋವಿಲ್ಲದಿರುವುದೇ ಮುಖ್ಯ ಕಾರಣ. ಆ ತಿಳಿವು ಮುಂದೆ ಮಧುಮೇಹಿಗಳ ಪಾದರಕ್ಷಣೆಗೂ ಒದಗಿತು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯನ್ನು ಇಂದು ಮಧುಮೇಹಿಗಳಿಗೂ ಸೂಚಿಸುತ್ತಾರೆ. ನೋವು ಶತ್ರುವಲ್ಲ, ದೇಹದ ಬಾಗಿಲು ಕಾಯುವ ಆಳು. ಆಳು ಮಲಗಿದ ಮನೆಯಲ್ಲಿ ಕಣ್ಣೇ ಕಾವಲಾಗಬೇಕು.

ಆದುದರಿಂದ ನಮ್ಮಿಬ್ಬರ ಮನೆಗಳಲ್ಲಿಯೂ ಈಗ ಒಂದು ನೇಮವಿದೆ. ರಾತ್ರಿ ಊಟಕ್ಕೆ ಮುನ್ನ ಪಾದ ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸುವುದು. ನೀರು ಬೆಚ್ಚಗಿದ್ದರೆ ಸಾಕು. ಅದನ್ನು ಮೊಣಕೈಯಿಂದ ಅಥವಾ ಮನೆಯವರ ಕೈಯಿಂದ ಮುಟ್ಟಿ ನೋಡಬೇಕು. ಬಳಿಕ ದೀಪದ ಬೆಳಕಿನಲ್ಲಿ ಅಂಗಾಲನ್ನು ಕನ್ನಡಿಯಿಟ್ಟು ನೋಡುವುದು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಲಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳ ಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೀಳುವುದು ಅಪಾಯ. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಹರಳು, ಮೊಳೆ ಇವೆಯೇ ನೋಡಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರು ಪಾದಕ್ಕೆ ನೈಲಾನ್ ಎಳೆ ತಾಗಿಸಿ ಅರಿವಿದೆಯೇ ಎಂದು ಪರೀಕ್ಷಿಸಲಿ. ಗುಳ್ಳೆಯಾಗಲಿ, ಕೆಂಪಾಗಲಿ ಕಂಡರೆ ನೋವಿಗಾಗಿ ಕಾಯದೆ ಅಂದೇ ತೋರಿಸಿರಿ.

ದೇವಾಲಯಕ್ಕೆ ಬರಿಗಾಲಲ್ಲಿ ಹೋಗುವುದೆಂತು ಎಂದು ಅಣ್ಣ ಕೇಳಿದ. ಕಲ್ಲು ಕಾಯುವ ಮೊದಲೇ ಹೋಗು, ಶುಭ್ರವಾದ ಹತ್ತಿಯ ಕಾಲುಚೀಲ ಧರಿಸು ಎಂದೆ. ಪಾದ ಸುಡಲೆಂದು ಯಾವ ದೇವರೂ ಕೇಳಿಲ್ಲ.

ಈಗ ಅಣ್ಣನ ಮೊಮ್ಮಗಳು ದಿನವೂ ಅಜ್ಜನ ಪಾದ ನೋಡುತ್ತಾಳೆ. ಗದ್ದೆಗೆ ಹೊರಟಾಗ ಚಪ್ಪಲಿ ತಂದು ಮುಂದಿಡುವವಳೂ ಅವಳೇ. ಓದುಗ ಬಂಧುಗಳೇ, ನಿಮ್ಮ ಮನೆಯ ಹಿರಿಯರ ಕಾಲಿಗೆ ನಮಸ್ಕರಿಸುವಾಗ ಒಂದು ಕ್ಷಣ ಆ ಪಾದಗಳನ್ನು ನೋಡಿರಿ. ಅವರು ಅರಿಯದ ಗಾಯ ನಿಮಗೆ ಕಂಡೀತು.