ಬಸುರಿಯ ಫೈಲು

ದಾದರಿನ ಹಿಂದೂ ಕಾಲೊನಿಯಲ್ಲಿ ನಮ್ಮ ಗಲ್ಲಿಯ ತುದಿಗೆ ಒಂದು ಹಳೆಯ ದವಾಖಾನೆಯಿದೆ. ಒಂದು ಬೆಂಚು, ಒಂದು ಪರದೆ, ಪರದೆಯಾಚೆ ನಮ್ಮ ಮನೆಯ ವೈದ್ಯರು. ಮೂಲತಃ ಉಡುಪಿಯ ಕಡೆಯವರು. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅಷ್ಟೇ ಸಲೀಸಾಗಿ ಗದರಬಲ್ಲವರು. ಹೆರಿಗೆ ಮಾಡಿಸುವವರು ಅವರಲ್ಲ. ಆದರೂ ಗಲ್ಲಿಯ ಬಸುರಿಯರು ಮೊದಲು ಹತ್ತುವುದು ಅವರ ಮೆಟ್ಟಿಲನ್ನೇ. ಆಮೇಲೆ ಆಸ್ಪತ್ರೆಯಲ್ಲಿ ಹೆಸರು ಬರೆಸುವುದು, ಉಳಿದ ತಿಂಗಳುಗಳಲ್ಲಿ ಫೈಲು ಹಿಡಿದು ಅಲ್ಲಿಗೂ ಇಲ್ಲಿಗೂ ಓಡಾಡುವುದು. ಇದನ್ನು ಯಾರೂ ನಿಯಮವಾಗಿ ಬರೆದಿಟ್ಟಿಲ್ಲ. ಊರು ತಾನಾಗಿ ಮಾಡಿಕೊಂಡ ಏರ್ಪಾಡು.

ಹೊರನಾಡಿನ ಕನ್ನಡಿಗರಾದ ನಮಗೆ ಇದು ಹೊಸತೂ ಅಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಕಟ್ಟಳೆಯಿಂದಾಗಿ ನಮ್ಮ ಬಸಿರುಗಳು ಎಂದೂ ಎರಡು ಊರಿನ ಪಾಲಾಗಿದ್ದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವುದಕ್ಕೆ ಬಹಳ ಮೊದಲು, ಸೀಮಂತ ಮುಗಿಸಿಕೊಂಡು ನಾನು ಕುಂದಾಪುರಕ್ಕೆ ಹೋದದ್ದು ಘಟ್ಟದ ತಿರುವುಗಳ ಬಸ್ಸಿನಲ್ಲಿ. ದಾದರಿನ ವೈದ್ಯರು ಒಂದು ಚೀಟಿ ಕೊಟ್ಟಿದ್ದರು: ರಕ್ತದ ಗುಂಪು, ಹಿಮೋಗ್ಲೋಬಿನ್, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ ತಾರೀಕು. ನನ್ನ ಅತ್ತೆ ಅದನ್ನು ಮಡಿಲಕ್ಕಿಯ ಗಂಟಿನೊಳಗೇ ಕಟ್ಟಿ ಕೊಟ್ಟರು. ಊರಿನ ಆಸ್ಪತ್ರೆಯ ನರ್ಸಮ್ಮ ಅಕ್ಕಿಯನ್ನು ಕೊಡವಿ ಚೀಟಿ ಓದಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಮಗಳಿಗೆ ತವರೂ ದಾದರೇ. ದಾದರ್–ಪರೇಲಿನ ಈ ಭಾಗಕ್ಕೆ ಆಸ್ಪತ್ರೆಗಳ ಕೊರತೆಯೇನಿಲ್ಲ. ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ, ಕೆ.ಇ.ಎಂ. ಎರಡೂ 1926ರಷ್ಟು ಹಳೆಯವು. ಅವಳು ಹೆಸರು ಬರೆಸಿದ್ದು ಇವೆರಡೂ ಅಲ್ಲದ ಇನ್ನೊಂದರಲ್ಲಿ. ಅಲ್ಲಿ ಪ್ರತಿ ಸಲವೂ ಬೇರೆ ಬೇರೆ ಡಾಕ್ಟರು. ಫೈಲು ತಿರುವುವಷ್ಟರಲ್ಲಿ ಮುಂದಿನವಳ ಹೆಸರು ಕೂಗುತ್ತಿದ್ದರು. 36 ವಾರ ಕಳೆದಾಗ ಅವಳ ರಕ್ತದೊತ್ತಡ 132/86. 140/90 ಮುಟ್ಟದೆ ಅದು ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ. "ಸರಿಯಿದೆ" ಎಂದು ಬರೆದು ಕಳುಹಿಸಿದರು.

ಸಂಜೆ ದವಾಖಾನೆಯಲ್ಲಿ ನಮ್ಮ ವೈದ್ಯರು ಆ ಅಂಕಿಯನ್ನು ನೋಡಿದರು. ಮಗಳನ್ನು ತೊಟ್ಟಿಲ ಕೂಸಾಗಿದ್ದಾಗಿನಿಂದ ಬಲ್ಲವರು. ಬೆಳೆದ ಮೇಲೆ ಅವಳ ಒತ್ತಡ 100/60ರ ಆಸುಪಾಸು ದಾಟಿದ್ದೇ ಇಲ್ಲವೆಂಬುದು ಅವರಿಗೆ ಗೊತ್ತು. "ಮಗಾ, ಇದು ನಿನ್ನ ಲೆಕ್ಕವಲ್ಲ" ಎಂದರು. ಕಾಲಿನ ಬಾವನ್ನು ಒತ್ತಿ ನೋಡಿ, ತಲೆನೋವು, ಕಣ್ಣು ಮಂಜಾಗುವುದು ಇದೆಯೇ ಎಂದು ಕೇಳಿ, ತಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. "ನಾಳೆಗೆ ಬೇಡ, ಈಗಲೇ ಹೋಗಿ."

ರಾತ್ರಿ ಲೇಬರ್ ವಾರ್ಡಿನ ಬಾಗಿಲಲ್ಲಿ ಆ ಚೀಟಿಯನ್ನು ಓದಿದವರು ಕೇರಳದ ಒಬ್ಬ ಹಿರಿಯ ಸಿಸ್ಟರ್. ನಾವು 'ಸಿಸ್ಟರ್' ಎಂದು ಕರೆದು ಮುಗಿಸಿಬಿಡುತ್ತೇವೆ. ಆದರೆ ಜಿ.ಎನ್.ಎಂ. ಡಿಪ್ಲೊಮಾದ ಕೊನೆಯ ಅಕ್ಷರ ಮಿಡ್‌ವೈಫರಿಯದು. ಓದಿನಿಂದ ಅವರು ಸೂಲಗಿತ್ತಿಯರೂ ಹೌದು. ದೊಡ್ಡಾಸ್ಪತ್ರೆಗಳಲ್ಲಿ ಆ ಅರ್ಧ ಹೆಸರು ಮರೆಯಾಗಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ತೀರಿಕೊಂಡ ಆ ವರ್ಷದ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ನರ್ಸುಗಳಿಗೆ 18 ತಿಂಗಳ ಹೆಚ್ಚಿನ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆ ಒಪ್ಪಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಒಳ್ಳೆಯದೇ. ಹಳ್ಳಿಯಲ್ಲಿದ್ದಾಗ ಪೂಜ್ಯಳಾದವಳು ಆಸ್ಪತ್ರೆಗೆ ಬಂದೊಡನೆ ಬರಿಯ ಕೈಯಾಳಾಗುವುದು ನನಗಂತೂ ಸಹ್ಯವಲ್ಲ.

ಆ ಸಿಸ್ಟರ್ ನಮ್ಮನ್ನು ಮನೆಗೆ ಕಳುಹಿಸಲಿಲ್ಲ. ಚೀಟಿಯನ್ನು ಎರಡು ಸಲ ಓದಿದರು, ಮಗಳನ್ನು ಎಡಮಗ್ಗುಲಿಗೆ ಮಲಗಿಸಿದರು, ಮೂತ್ರ ಪರೀಕ್ಷೆ ಮಾಡಿದರು. ಪ್ರೋಟೀನ್ ಇತ್ತು. ನಾಲ್ಕು ಗಂಟೆ ಬಿಟ್ಟು ಒತ್ತಡ ನೋಡಿದರೆ 146/94. ಮಲಗಿದ್ದ ಡಾಕ್ಟರನ್ನು ಎಬ್ಬಿಸಿ, ಚೀಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಬಸುರಿಯ ಏರೊತ್ತಡ ನಂಜಿನಂತೆ ಏರಿ ಅಪಸ್ಮಾರಕ್ಕೆ ತಿರುಗಬಲ್ಲದು. ತಾಯಿ ಮಗು ಇಬ್ಬರಿಗೂ ಅಪಾಯ. ಮಗಳನ್ನು ಅಲ್ಲೇ ಉಳಿಸಿಕೊಂಡು, 37 ವಾರ ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಎರಡೂವರೆ ಕಿಲೊಗೆ ಸ್ವಲ್ಪ ಕಡಿಮೆ.

ಆ ಅಂಕಿ ಆಸ್ಪತ್ರೆಯ ಫೈಲಿನಲ್ಲೂ ಇತ್ತು. ಆದರೆ ಅವಳ ಎಂದಿನ ಅಂಕಿ ಯಾವುದೆಂದು ಫೈಲಿಗೆ ಗೊತ್ತಿರಲಿಲ್ಲ. ಅದನ್ನು ಬಲ್ಲವರಿಗೆ ಲೇಬರ್ ವಾರ್ಡಿನಲ್ಲಿ ಕೆಲಸವಿಲ್ಲ. ವಾರ್ಡಿನಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಅವಳ ಪೂರ್ವಾಪರ ತಿಳಿಯದು. ನಡುವೆ ಇದ್ದದ್ದು ನಾಲ್ಕು ಸಾಲಿನ ಚೀಟಿ, ಮತ್ತು ಅದನ್ನು ಮಡಚಿ ಬದಿಗಿಡದೆ ಓದಿದ ಒಬ್ಬ ಹೆಂಗಸು.

ಬಿಡುಗಡೆಯ ದಿನ ಆ ಸಿಸ್ಟರ್ ಕಾರ್ಡಿನ ಹಿಂಬದಿಯಲ್ಲಿ ತಮ್ಮ ಕೈಯಿಂದಲೇ ಔಷಧದ ಪ್ರಮಾಣ, ಕಡೆಯ ಮೂರು ದಿನಗಳ ಒತ್ತಡ ಎಲ್ಲವನ್ನೂ ಬರೆದು, "ನಿಮ್ಮ ಡಾಕ್ಟರಿಗೆ ತೋರಿಸಿ" ಎಂದರು. ಬಾಣಂತನದ ಆರು ವಾರವೂ ನಮ್ಮ ವೈದ್ಯರೇ ಮೆಟ್ಟಿಲು ಹತ್ತಿ ಮನೆಗೆ ಬಂದು ಒತ್ತಡ ನೋಡಿದರು. ಮಾತ್ರೆ ನಿಂತದ್ದು ನಾಲ್ಕನೆಯ ವಾರಕ್ಕೆ. ಅವತ್ತು ಬಾಣಂತಿಗೆಂದು ಮಾಡಿದ್ದ ಮೆಂತ್ಯದ ಗಂಜಿಯನ್ನು ತಾವೂ ಒಂದು ಬಟ್ಟಲು ಕುಡಿದು, ಉಪ್ಪು ಜಾಸ್ತಿಯಾಯಿತೆಂದು ನನ್ನನ್ನು ಗದರಿ ಹೋದರು.