ಮಂಗಳೂರಿನ ಹಳೆಯ ಬಂದರದಲ್ಲಿ

ಕಾಸರಗೋಡಿನ ಕಡೆಯ ನಾವು ಮಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವಳಿಗೆ. ಈ ಸಲ ಹಳೆಯ ಬಂದರನ್ನು ನೋಡುವುದಕ್ಕೆಂದೇ ಹೋದೆವು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ತೆರೆದ ಮೇಲೆ ದೊಡ್ಡ ಹಡಗುಗಳು ಅತ್ತ ಸರಿದವು. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಈ ಅಳಿವೆಯಲ್ಲಿ ಈಗ ಮೀನಿನ ದೋಣಿಗಳದೇ ಸಂಭ್ರಮ. ಧಕ್ಕೆಯ ಮೇಲೆ ತುಸು ಹೊತ್ತು ನಿಂತರೆ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡಗಳೆಲ್ಲ ಕಿವಿಗೆ ಬೀಳುತ್ತವೆ.

ಇದೇ ಮಂಗಳೂರಿನಲ್ಲಿ 1132ರ ಸುಮಾರಿಗೆ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ನೆಲೆಸಿದ್ದನು. ಹುಟ್ಟೂರು ಟ್ಯುನೀಸಿಯದ ಮಹ್ದಿಯಾ; ಪಾಲುಗಾರರು ಏಡನ್ನಿನವರು. ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಹೀಬ್ರೂ ಲಿಪಿಯ ಅರಬ್ಬೀಯಲ್ಲಿ ಬರೆದ ಅವರ ಪತ್ರಗಳು ಕೈರೋದ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದುಬಂದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದವು.

ಏಲಕ್ಕಿಗೆ ಮುಂಗಡ ಪಡೆದು ಮಾಲು ಕೊಡದೆ ಸತಾಯಿಸಿದ ಸ್ಥಳೀಯನೊಬ್ಬನ ಪ್ರಸಂಗ ಅವುಗಳಲ್ಲಿದೆ. ಮಾತಿಗೆ ತಪ್ಪಿದವರನ್ನು ನಾವು ಬಹಿರಂಗವಾಗಿ ಖಂಡಿಸುತ್ತೇವೆ ಎಂದು ಅವನನ್ನು ಹೆದರಿಸು ಎಂಬುದು ಏಡನ್ನಿನ ಪಾಲುಗಾರನ ಸಲಹೆ. ಏಡನ್ನಿನಲ್ಲಿ ಭಯ ಹುಟ್ಟಿಸುವ ಮಾತು ಮಂಗಳೂರಿನಲ್ಲಿಯೂ ಹಾಗೆಯೇ ನಾಟೀತೇ? ಎರಡು ಊರುಗಳ ಮಾನ, ಮರ್ಯಾದೆ, ನಂಬಿಕೆಗಳನ್ನು ಬಲ್ಲ ನಡುವಿನವನು ಮಾತ್ರ ಅದನ್ನು ಹೇಳಬಲ್ಲನು.

ಅಂಥ ನಡುವಿನವನು ಇನ್ನೊಬ್ಬನಿದ್ದನು. ಅವನು ಬೆನ್ ಯಿಜುವಿನ ಆಳು. ವ್ಯಾಪಾರಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದನು. ಪತ್ರಗಳಲ್ಲಿ ಅವನ ಹೆಸರಿಗೆ ಇದ್ದವು ಮೂರೇ ಅಕ್ಷರ: ಬ, ಮ, ಹ. ಸ್ವರಗಳಿಲ್ಲ. ಇಲ್ಲಿಯ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ ಲೇಖಕ ಅಮಿತಾವ್ ಘೋಷ್ ಅದನ್ನು ‘ಬೊಮ್ಮ’ ಎಂದು ಓದಿದರು. 1992ರ ತಮ್ಮ ಗ್ರಂಥದಲ್ಲಿ ಆ ಕಥೆಯನ್ನು ಬರೆದರು. ಕಾಲ ಕಳೆದಂತೆ ಏಡನ್ನಿನ ವರ್ತಕರು ಈ ಆಳಿನ ಹೆಸರಿಗೆ ‘ಶೇಖ್’ ಎಂಬ ಗೌರವಪದವನ್ನು ಸೇರಿಸಿ ವಂದನೆ ಕಳುಹಿಸಿದರು.

ಇಂದು ನಮ್ಮ ಮನೆಗಳ ಮಕ್ಕಳೂ ಕೊಲ್ಲಿಯ ದೇಶಗಳಿಗೆ ದುಡಿಯಹೋಗುತ್ತಿದ್ದಾರೆ. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡಿ ಬೆಳೆದವರು ಅವರು. ಇಷ್ಟೊಂದು ಭಾಷೆಗಳು ಹೊರೆಯೆಂದು ಬಗೆದು ಕೆಲವು ತಾಯ್ತಂದೆಯರು ಮೊದಲು ಕೈಬಿಡುವುದು ಕನ್ನಡವನ್ನು. ಕಚೇರಿಗೆ ಬೇಕಾದ ಇಂಗ್ಲಿಷನ್ನು ಎಲ್ಲಿಯಾದರೂ ಕಲಿಯಬಹುದು; ಎದುರಿನವನ ಮುಖ ನೋಡಿ ಯಾವ ಮಾತು, ಎಷ್ಟು, ಯಾವ ಗೌರವದಲ್ಲಿ ಎಂದು ಅಳೆಯುವ ಹದ ಗಡಿನಾಡಿನ ಮನೆಯಲ್ಲಿ ತಾನಾಗಿ ಬರುತ್ತದೆ. ಆ ಆಸ್ತಿಯನ್ನು ಒಂದೊಂದಾಗಿ ಕರಗಿಸುವುದು ಜಾಣತನವಲ್ಲ.